ಬಿಹಾಚ್‌ನ ಜನರಲ್ ದುದಾಕೊವಿಚ್: ಮುತ್ತಿಗೆಯೊಳಗೆ ಐದನೇ ಕೋರ್ ಉಳಿದದ್ದು ಹೇಗೆ?

ಗಡಿರೇಖೆ:
ಬೋಸ್ನಿಯಾ ಯುದ್ಧ ಎಂದರೆ ಸರಾಯೆವೊ, ಸ್ರೆಬ್ರೆನಿತ್ಸಾ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ವಾಯವ್ಯ ಮೂಲೆಯ ಬಿಹಾಚ್ ಬಗ್ಗೆ ಅಷ್ಟು ಸಿಗುವುದಿಲ್ಲ. ಮೂರು ವರ್ಷ ಮುತ್ತಿಗೆಯಲ್ಲಿದ್ದೂ ಅದು ಬೀಳಲಿಲ್ಲ. ಅಲ್ಲಿದ್ದ ಬೋಸ್ನಿಯಾ ಸರ್ಕಾರಿ ಸೇನೆಯ ಐದನೇ ಕೋರ್‌ನ (ಹಲವು ಬ್ರಿಗೇಡ್‌ಗಳ ದೊಡ್ಡ ಸೇನಾ ವಿಭಾಗ) ಕಮಾಂಡರ್ ಅತಿಫ್ ದುದಾಕೊವಿಚ್ ಬಗ್ಗೆ ತಿಳಿದವರು ಹೇಳಿ: ಶಸ್ತ್ರ ಎಲ್ಲಿಂದ ಬಂತು? 1994ರಲ್ಲಿ ಸುಳ್ಳು ದಂಗೆಯ ನಾಟಕ ಆಡಿದ್ದು ನಿಜವೇ? ಮತ್ತೆ ಅವರ ಮೇಲೆ ಮೊಕದ್ದಮೆ ಯಾತಕ್ಕೆ?

ಹಳೇನಕ್ಷೆ:
ಮೊದಲು ನಕ್ಷೆ ತೆರೆದಿಟ್ಟುಕೊಳ್ಳಿ. ಪಶ್ಚಿಮಕ್ಕೆ ಕ್ರೊಯೇಷಿಯಾದಿಂದ ಸಿಡಿದು ಬೇರೆಯಾದ ಸರ್ಬರ ಪ್ರದೇಶ ಕ್ರಾಯಿನಾ, ಪೂರ್ವಕ್ಕೆ ಬೋಸ್ನಿಯಾ ಸರ್ಬರ ಸೇನೆ. ನಡುವೆ ಬಿಹಾಚ್, ತ್ಸಾಝಿನ್, ಬುಝಿಮ್, ವೆಲಿಕಾ ಕ್ಲಾದುಶಾ. ಐದನೇ ಕೋರ್ ಕಟ್ಟಿದ್ದು 1992ರ ಅಕ್ಟೋಬರ್‌ನಲ್ಲಿ. ಮೊದಲ ಕಮಾಂಡರ್ ರಮೀಝ್ ದ್ರೆಕೊವಿಚ್. 1993ರ ಕೊನೆಯ ಹೊತ್ತಿಗೆ ದುದಾಕೊವಿಚ್ ಬಂದರು. 1953ರಲ್ಲಿ ಹುಟ್ಟಿದವರು, ಯುಗೊಸ್ಲಾವ್ ಸೇನೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದವರು. ಫಿರಂಗಿಯವನಿಗೆ ಗುಂಡಿನ ಲೆಕ್ಕ ರಕ್ತದಲ್ಲೇ ಇರುತ್ತದೆ. ಆದರೆ ಇಲ್ಲಿ ಎಣಿಸಲು ಗುಂಡೇ ಇರಲಿಲ್ಲ.

ರಸ್ತೆ ಇಲ್ಲ, ರೈಲು ಇಲ್ಲ. ಇದ್ದ ಒಂದು ದಾರಿ ಆಕಾಶ. ಅದೂ ಎಷ್ಟು ಅಪಾಯಕಾರಿ ಎಂದರೆ, 1995ರ ಮೇ 28ರಂದು ಬೋಸ್ನಿಯಾದ ವಿದೇಶಾಂಗ ಮಂತ್ರಿ ಇರ್ಫಾನ್ ಲ್ಯುಬಿಯಾಂಕಿಚ್ ಇದ್ದ, ಬಿಹಾಚ್‌ನಿಂದ ಹೊರಟ ಹೆಲಿಕಾಪ್ಟರನ್ನೇ ಸರ್ಬರು ಹೊಡೆದುರುಳಿಸಿದರು. 1993ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ಬಿಹಾಚನ್ನು ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿತ್ತು. ಆ ಘೋಷಣೆಯಿಂದ ಒಂದು ತೋಟಾ ಕೂಡ ಒಳಗೆ ಬರಲಿಲ್ಲ. ಹೀಗಾಗಿ ದುದಾಕೊವಿಚ್ ಮಾಡಿದ ಕಾರ್ಯಾಚರಣೆಗಳನ್ನು ಓದುವಾಗ ‘ಎಷ್ಟು ನೆಲ ಗೆದ್ದರು’ ಎಂದಲ್ಲ, ‘ಎಷ್ಟು ಶಸ್ತ್ರ ಕಿತ್ತುಕೊಂಡರು’ ಎಂದು ನೋಡಬೇಕು.

ತೋಪುಖಾನೆ:
ಸುಳ್ಳು ದಂಗೆ ನಿಜವೇ. ಹಿನ್ನೆಲೆ ಗೊತ್ತಿರದಿದ್ದರೆ ಅರ್ಥವಾಗುವುದಿಲ್ಲ. ವೆಲಿಕಾ ಕ್ಲಾದುಶಾದಲ್ಲಿ ಅಗ್ರೊಕೊಮೆರ್ತ್ಸ್ ಎಂಬ ದೊಡ್ಡ ಆಹಾರ ಕಂಪನಿ ಕಟ್ಟಿ ಬೆಳೆಸಿದ ಫಿಕ್ರೆತ್ ಅಬ್ದಿಚ್, 1993ರ ಸೆಪ್ಟೆಂಬರ್‌ನಲ್ಲಿ ಸರಾಯೆವೊ ಸರ್ಕಾರದಿಂದ ಬೇರೆಯಾಗಿ ‘ಪಶ್ಚಿಮ ಬೋಸ್ನಿಯಾ ಸ್ವಾಯತ್ತ ಪ್ರಾಂತ’ ಘೋಷಿಸಿದರು. ಅವರೂ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ), ಅವರ ಸೈನಿಕರೂ ಬೋಸ್ನಿಯಾಕರೇ. ನೆರವು ಮಾತ್ರ ಸರ್ಬರದ್ದು. ಅಂದರೆ ಐದನೇ ಕೋರ್‌ಗೆ ಮೂರನೇ ಶತ್ರು ಮನೆಯೊಳಗೇ ಹುಟ್ಟಿತು.

1994ರ ಬೇಸಿಗೆಯಲ್ಲಿ ಬಿಹಾಚ್‌ನಲ್ಲೇ ಕೋರ್‌ನ ವಿರುದ್ಧ ದಂಗೆ ಎದ್ದಿದೆ ಎಂಬಂತೆ ಕೋರ್‌ನವರೇ ಗುಂಡಿನ ಸದ್ದು, ಹೊಗೆ ಎಬ್ಬಿಸಿದರು. ‘ದಂಗೆಕೋರರು’ ಅಬ್ದಿಚ್ ಕಡೆಗೆ ಸಂಪರ್ಕ ಮಾಡಿ ಶಸ್ತ್ರ ಬೇಡಿದರು. ಅಬ್ದಿಚ್ ನಂಬಿದರು, ಶಸ್ತ್ರ ಕಳಿಸಿದರು, ಗೆದ್ದ ಊರು ನೋಡಲು ಬಂದ ಅವರ ಕಡೆಯವರು ಸೆರೆ ಸಿಕ್ಕರು. ಇದೇ ‘ತಿಗರ್’, ಅಂದರೆ ಹುಲಿ ಕಾರ್ಯಾಚರಣೆ. ಇದು ಫಲಿಸಿದ್ದು ಅಬ್ದಿಚ್ ಕೇಳಬಯಸಿದ ಸುದ್ದಿಯನ್ನೇ ಕೊಟ್ಟಿದ್ದರಿಂದ. ಆಗಸ್ಟ್ 21ಕ್ಕೆ ಕ್ಲಾದುಶಾ ಕೋರ್‌ನ ಕೈಗೆ ಬಂತು. ಅಬ್ದಿಚ್ ಕಡೆಯ ಸುಮಾರು 30 ಸಾವಿರ ಜನ ಗಡಿ ದಾಟಿ ಕ್ರೊಯೇಷಿಯಾದ ತುರಾನ್ಯ್‌ನಲ್ಲೂ ಬತ್ನೋಗಾದ ಕೋಳಿ ಫಾರಂ ಶೆಡ್ಡುಗಳಲ್ಲೂ ಬಿದ್ದುಕೊಂಡರು ಎನ್ನುವುದನ್ನು ಜಾಣತನ ಹೊಗಳುವವರು ಬಿಟ್ಟುಬಿಡುತ್ತಾರೆ. ಬಿಡಬಾರದು.

ಹಳೇನಕ್ಷೆ:
ಅದೇ ವರ್ಷದ ಸೋಲನ್ನೂ ಸೇರಿಸುತ್ತೇನೆ. ಅಕ್ಟೋಬರ್ ಕೊನೆಗೆ ಕೋರ್ ಗ್ರಾಬೆಝ್ ಪ್ರಸ್ಥಭೂಮಿ ದಾಟಿ ಕುಲೆನ್ ವಾಕುಫ್‌ವರೆಗೆ ನುಗ್ಗಿತು. ಅಷ್ಟು ಅಗಲದ ನೆಲ ಹಿಡಿದಿಡಲು ಮೀಸಲು ಪಡೆ ಇರಲಿಲ್ಲ. ಎಡವಟ್ಟಾದದ್ದು ಅಲ್ಲೇ. ನವೆಂಬರ್‌ನಲ್ಲಿ ಸರ್ಬರು ಪೂರ್ವದಿಂದ ತಿರುಗಿಬಿದ್ದರು, ಕ್ರಾಯಿನಾದವರೂ ಅಬ್ದಿಚ್ ಪಡೆಯೂ ಇನ್ನೊಂದು ಕಡೆಯಿಂದ ಬಂದವು. ಕ್ರಾಯಿನಾದ ಉದ್ಬಿನಾ ವಿಮಾನನೆಲೆಯಿಂದ ಹೊರಟ ವಿಮಾನಗಳು ಬಿಹಾಚ್ ಮೇಲೆ ಬಾಂಬ್ ಹಾಕಿದವು. ನವೆಂಬರ್ 21ರಂದು ನೇಟೊ ಆ ನೆಲೆಯ ರನ್‌ವೇ ಹೊಡೆಯಿತು, ವಿಮಾನಗಳನ್ನು ಮುಟ್ಟಲಿಲ್ಲ. ಡಿಸೆಂಬರ್‌ನಲ್ಲಿ ಕ್ಲಾದುಶಾ ಮತ್ತೆ ಅಬ್ದಿಚ್ ಪಾಲಾಯಿತು.

ಗಡಿರೇಖೆ:
ಧನ್ಯವಾದ. ಬುಝಿಮ್‌ನ ಇಝೆತ್ ನಾನಿಚ್ ಹೆಸರೂ ಇದೇ ಕೋರ್ ಜೊತೆ ಬರುತ್ತದಲ್ಲ? 1995ರಲ್ಲಿ ಏನಾಯಿತು?

ತೋಪುಖಾನೆ:
ನಾನಿಚ್ 505ನೇ ಬ್ರಿಗೇಡ್ ಕಟ್ಟಿದವರು, 1965ರಲ್ಲಿ ಹುಟ್ಟಿದ ಹುಡುಗ ಅಧಿಕಾರಿ. 1995ರ ಆಗಸ್ಟ್ 4ರಂದು ಕ್ರೊಯೇಷಿಯಾ ಕ್ರಾಯಿನಾ ಮೇಲೆ ‘ಒಲುಯಾ’, ಅಂದರೆ ಬಿರುಗಾಳಿ ದಾಳಿ ಶುರುಮಾಡಿತು. ಮರುದಿನವೇ ನಾನಿಚ್ ಸತ್ತರು. 6ರಂದು ದುದಾಕೊವಿಚ್ ಗಡಿಯಲ್ಲಿ ಕ್ರೊಯೇಷಿಯನ್ ಜನರಲ್ ಮಾರಿಯಾನ್ ಮಾರೆಕೊವಿಚ್‌ರ ಕೈ ಕುಲುಕಿದರು. ಮುತ್ತಿಗೆ ಒಡೆದ ಆ ಗಳಿಗೆ ನೋಡಲು ನಾನಿಚ್ ಇರಲಿಲ್ಲ. ವಿಮೋಚನಾ ಯುದ್ಧದ ವೀರ ಎಂಬ ಅತ್ಯುನ್ನತ ಗೌರವ ಪಡೆದ ಒಂಬತ್ತು ಮಂದಿಯಲ್ಲಿ ಅವರೊಬ್ಬರು.

ಸೆಪ್ಟೆಂಬರ್‌ನಲ್ಲಿ ಬೋಸ್ನಿಯಾ ಸರ್ಬರ ವಿರುದ್ಧ ‘ಸಾನಾ’ ಕಾರ್ಯಾಚರಣೆ. ಬೊಸಾನ್ಸ್ಕಿ ಪೆತ್ರೊವಾತ್ಸ್, ಕ್ಲ್ಯೂಚ್, ಅಕ್ಟೋಬರ್‌ನಲ್ಲಿ ಸಾನ್ಸ್ಕಿ ಮೋಸ್ತ್ ಕೈಗೆ ಬಂದವು. ಕೋರ್‌ನ ಅತಿ ದೊಡ್ಡ ಗೆಲುವು ಇದೇ, ಮೊಕದ್ದಮೆಯ ಮುಖ್ಯ ಭಾಗ ಹುಟ್ಟಿದ್ದೂ ಇಲ್ಲೇ. 2018ರ ಏಪ್ರಿಲ್‌ನಲ್ಲಿ ದುದಾಕೊವಿಚ್ ಮತ್ತು ಇತರ 12 ಮಂದಿಯನ್ನು ಬಂಧಿಸಿದರು. ಅದೇ ವರ್ಷ ಬೋಸ್ನಿಯಾದ ಪ್ರಾಸಿಕ್ಯೂಟರ್ ಆರೋಪಪಟ್ಟಿ ಹಾಕಿದರು. ಸರ್ಬ್ ನಾಗರಿಕರು, ಕೈದಿಗಳ ಹತ್ಯೆಯ ಜೊತೆಗೆ ಅಬ್ದಿಚ್ ಕಡೆಯ ಬೋಸ್ನಿಯಾಕರ ಮೇಲಿನ ಅಪರಾಧಗಳೂ ಅದರಲ್ಲಿವೆ. ಅವರು ಆರೋಪ ಒಪ್ಪಿಲ್ಲ. ಆರೋಪವನ್ನು ತೀರ್ಪು ಎಂದು ಓದಬೇಡಿ, ಹಾಗೆಂದು ಬದಿಗೂ ಸರಿಸಬೇಡಿ.

ಹಳೇನಕ್ಷೆ:
ಅಬ್ದಿಚ್ ಕಥೆ ಬಿಟ್ಟರೆ ಅರ್ಧ ಚಿತ್ರ. ಕ್ರೊಯೇಷಿಯಾದ ಕಾರ್ಲೊವಾತ್ಸ್ ನ್ಯಾಯಾಲಯ 2002ರಲ್ಲಿ ಅವರಿಗೆ ಯುದ್ಧಾಪರಾಧಕ್ಕಾಗಿ 20 ವರ್ಷ ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲಿ ಅದು 15ಕ್ಕೆ ಇಳಿಯಿತು. 2012ರಲ್ಲಿ ಬಿಡುಗಡೆ, 2016ರಲ್ಲಿ ವೆಲಿಕಾ ಕ್ಲಾದುಶಾದ ಮೇಯರ್ ಚುನಾವಣೆಯಲ್ಲಿ ಗೆಲುವು. ಆದ್ದರಿಂದ ದುದಾಕೊವಿಚ್ ಬಗ್ಗೆ ಯಾರಾದರೂ ಬರೆದದ್ದು ಓದುವಾಗ, ಬರೆದವರು ಬುಝಿಮ್ ಕಡೆಯವರೋ ಕ್ಲಾದುಶಾದವರೋ ಎಂದು ಮೊದಲು ನೋಡಿಕೊಳ್ಳಿ.