ಕುತ್ತಿಗೆಗೆ ಕಾಲರ್ ಇರುವ ಪೇಷಂಟಿಗೆ ಸೆಂಟ್ರಲ್ ಲೈನ್: ಸ್ಕ್ರೀನ್ ನೋಡಿಕೊಂಡೇ ಚುಚ್ಚಿದರೂ ಕೆರೋಟಿಡ್‌ಗೆ ಹೋಯಿತು

ನೈಟ್‌ಡ್ಯೂಟಿ ಪಿಜಿ
ಅನಸ್ತೇಶಿಯಾ ಎರಡನೇ ವರ್ಷ ಓದುತ್ತಿದ್ದೇನೆ. ಮೊನ್ನೆ ರಾತ್ರಿ ಟ್ರಾಮಾ ಐಸಿಯುಗೆ ಬೈಕ್ ಆಕ್ಸಿಡೆಂಟ್ ಪೇಷಂಟ್ ಬಂದರು. ತಲೆಗೆ ಪೆಟ್ಟು, ಕುತ್ತಿಗೆಗೆ ಕಾಲರ್, ಬಲಗಡೆ ಪಕ್ಕೆಲುಬು ಮುರಿದು ಚೆಸ್ಟ್ ಟ್ಯೂಬ್ ಹಾಕಿದ್ದರು. ಬಿಪಿ ನಿಲ್ಲುತ್ತಿರಲಿಲ್ಲ. ಕಾಲರ್ ಮುಂಭಾಗ ಬಿಚ್ಚಿ, ತಲೆ ಅಲುಗಾಡದ ಹಾಗೆ ಒಬ್ಬರು ಹಿಡಿದುಕೊಂಡರು, ಸೆಂಟ್ರಲ್ ಲೈನ್ (ದೊಡ್ಡ ಸಿರೆಯೊಳಗೆ ಹಾಕುವ ಉದ್ದ ನಳಿಕೆ) ಹಾಕಲು ನಾನು ಬಲಗಡೆ ಜುಗುಲಾರ್ (ಕುತ್ತಿಗೆಯ ದೊಡ್ಡ ಸಿರೆ) ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟೆ. ಸೂಜಿಯ ಬಿಳಿ ಚುಕ್ಕೆ ಸಿರೆಯ ಒಳಗೇ ಕಾಣುತ್ತಿತ್ತು. ಆದರೆ ಸಿರಿಂಜಿನ ಪಿಸ್ಟನ್ ತಾನಾಗಿಯೇ ಹಿಂದೆ ಸರಿಯಿತು, ಅಂದರೆ ಸೂಜಿ ಪಕ್ಕದ ಕೆರೋಟಿಡ್ ಧಮನಿಗೆ ಹೋಗಿತ್ತು. ತಕ್ಷಣ ತೆಗೆದು ಹತ್ತು ನಿಮಿಷ ಒತ್ತಿ ಹಿಡಿದೆ, ಪೇಷಂಟಿಗೆ ಏನೂ ಆಗಲಿಲ್ಲ. ಆದರೆ ಅವತ್ತಿಂದ ಸೂಜಿ ಹಿಡಿಯಲು ಭಯ. ತಪ್ಪಿದ್ದು ಎಲ್ಲಿ?

ಐಸಿಯು ಮೇಡಂ
ನೀವು ನೋಡಿದ್ದು ಸೂಜಿಯ ತುದಿಯಲ್ಲ, ನಡುಭಾಗ. ಪ್ರೋಬ್ ಅಡ್ಡ ಹಿಡಿದಾಗ ಸೂಜಿಯ ಯಾವ ಭಾಗ ಸಿಕ್ಕರೂ ಒಂದೇ ಥರ ಚುಕ್ಕೆ ಕಾಣುತ್ತದೆ, ತುದಿ ಅಷ್ಟರಲ್ಲಿ ಸಿರೆಯ ಹಿಂದಿನ ಗೋಡೆ ದಾಟಿ ಹೋಗಿರುತ್ತದೆ. ರಕ್ತ ಜಾಸ್ತಿ ಹೋದವರಲ್ಲಂತೂ ಸೂಜಿ ತಾಗಿದರೆ ಸಾಕು, ಸಿರೆ ಚಪ್ಪಟೆಯಾಗಿ ಎರಡೂ ಗೋಡೆ ಅಂಟಿಕೊಳ್ಳುತ್ತವೆ. ತಲೆ ತಗ್ಗಿಸಿದರೆ ಸಿರೆ ತುಂಬುತ್ತದೆ ನಿಜ, ಆದರೆ ತಲೆಗೆ ಪೆಟ್ಟಾದವರಿಗೆ ಹಾಗೆ ಮಾಡಿದರೆ ಮೆದುಳಿನ ಒತ್ತಡ ಏರುತ್ತದೆ.

ಹೀಗೆ ಮಾಡಿ: ಚುಕ್ಕೆ ಕಂಡ ಕೂಡಲೇ ಸೂಜಿ ನಿಲ್ಲಿಸಿ, ಅದು ಮಾಯವಾಗುವವರೆಗೆ ಪ್ರೋಬನ್ನು ಸ್ವಲ್ಪ ಮುಂದೆ ಜಾರಿಸಿ. ಆಮೇಲೆ ಚುಕ್ಕೆ ಮತ್ತೆ ಮೂಡುವಷ್ಟೇ ಸೂಜಿ ಮುಂದೆ ತಳ್ಳಿ. ಆಗ ಮೂಡಿದ್ದು ತುದಿ. ಸಿರೆಯ ನಡುವೆ ಬರುವವರೆಗೆ ಇದನ್ನೇ ಮಾಡಿ.

ಇನ್ನೊಂದು, ದಯವಿಟ್ಟು ಇದನ್ನು ಬಿಡಬೇಡಿ. ಗೈಡ್‌ವೈರ್ (ಲೈನ್‌ಗೆ ದಾರಿ ತೋರುವ ತೆಳು ತಂತಿ) ಹಾಕಿದ ಮೇಲೆ ಪ್ರೋಬ್ ಉದ್ದಕ್ಕೆ ತಿರುಗಿಸಿ, ವೈರ್ ಸಿರೆಯೊಳಗೇ ಕೆಳಗೆ ಇಳಿದಿರುವುದನ್ನು ಕಣ್ಣಾರೆ ನೋಡಿ. ಅಲ್ಲಿಯವರೆಗೆ ಡೈಲೇಟರ್ (ತೂತು ಅಗಲಿಸುವ ದಪ್ಪ ನಳಿಕೆ) ಮುಟ್ಟಬೇಡಿ. ಬಿಪಿ, ಆಕ್ಸಿಜನ್ ಎರಡೂ ಕಮ್ಮಿ ಇರುವವರಲ್ಲಿ ಸಿರೆಯೋ ಧಮನಿಯೋ ಎಂದು ತಿಳಿಯಲು ರಕ್ತದ ಬಣ್ಣ ನಂಬುವ ಹಾಗಿಲ್ಲ. ಸೂಜಿಯ ತೂತು ಸಾಮಾನ್ಯವಾಗಿ ಒತ್ತಿದರೆ ನಿಲ್ಲುತ್ತದೆ. ಡೈಲೇಟರ್ ಕೆರೋಟಿಡ್‌ಗೆ ಹೋದರೆ ಮಾತ್ರ ಎಳೆದು ತೆಗೆಯದೆ, ಇದ್ದ ಹಾಗೇ ಬಿಟ್ಟು ವ್ಯಾಸ್ಕುಲರ್ ಸರ್ಜನ್‌ಗೆ ಫೋನ್ ಮಾಡಬೇಕು.

ಟ್ರಾಮಾ ಸರ್ಜನ್
ಮೇಡಂ ಹೇಳಿದ್ದು ಸರಿ. ನನ್ನ ಪ್ರಶ್ನೆ ಬೇರೆ, ಜುಗುಲಾರೇ ಯಾಕೆ? ಬಲಗಡೆ ಚೆಸ್ಟ್ ಟ್ಯೂಬ್ ಆಗಲೇ ಇತ್ತು ಅಲ್ವಾ? ಹಾಗಿದ್ದರೆ ಬಲಗಡೆ ಸಬ್‌ಕ್ಲೇವಿಯನ್ (ಹೆಗಲ ಮುಂದಿನ ಮೂಳೆಯ ಅಡಿಯ ಸಿರೆ) ನೋಡಬಹುದಿತ್ತು. ಕಾಲರ್ ಬಿಚ್ಚುವ ಗೋಜಿಲ್ಲ, ಶ್ವಾಸಕೋಶಕ್ಕೆ ತಾಗಿದರೂ ಗಾಳಿ ಹೋಗಲು ಟ್ಯೂಬ್ ಇದೆ. ಎಡಗಡೆ ಮಾತ್ರ ಬೇಡ, ಚೆನ್ನಾಗಿರುವ ಒಂದು ಶ್ವಾಸಕೋಶವನ್ನೂ ಅಪಾಯಕ್ಕೆ ಒಡ್ಡಿದ ಹಾಗೆ. ರಕ್ತ ಹೆಪ್ಪುಗಟ್ಟದವರಲ್ಲಿ ಈ ಜಾಗ ಬೇಡ, ಮೂಳೆ ಅಡಿಯಲ್ಲಿ ಒತ್ತಿ ಹಿಡಿಯಲು ಆಗುವುದಿಲ್ಲ. ತೊಡೆಸಂದಿಯ ಫೆಮೋರಲ್ ಬೇಗ ಆಗುತ್ತದೆ, ಆದರೆ ಸೊಂಟದ ಮೂಳೆ ಮುರಿದಿದ್ದರೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಅತ್ತ ಹೋಗಬೇಡಿ.

ಇನ್ನು, ರಕ್ತ ಕೊಡಬೇಕಾಗಿದ್ದರೆ ಟ್ರಿಪಲ್ ಲ್ಯೂಮೆನ್‌ಗೆ (ಮೂರು ಒಳದಾರಿಯ ಸೆಂಟ್ರಲ್ ಲೈನ್) ಕಾಯಬೇಡಿ. ಅದು ಉದ್ದ, ಒಳದಾರಿ ಸಣ್ಣದು. ಕೈಗೆ ಹಾಕಿದ 14 ಗೇಜ್‌ನ ದಪ್ಪ ಕ್ಯಾನುಲಾದಲ್ಲಿ ಅದಕ್ಕಿಂತ ಬೇಗ ಹರಿಯುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಕೂಡ ಸ್ವಲ್ಪ ಹೊತ್ತು ಕೈಯ ಒಳ್ಳೆ ಸಿರೆಯಲ್ಲಿ, ಕಣ್ಣಿಟ್ಟುಕೊಂಡು ಕೊಡಬಹುದು.

ಸ್ಟಾಫ್ ನರ್ಸ್
ನಮ್ಮ ಕಡೆಯಿಂದ ಒಂದು ಮಾತು ಡಾಕ್ಟ್ರೇ. ಕಾಲರ್ ಅಡಿಯಲ್ಲಿ ಒಣಗಿದ ರಕ್ತ, ರಸ್ತೆ ಮಣ್ಣು ಮೆತ್ತಿಕೊಂಡಿರುತ್ತದೆ. ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಮೊದಲು ಅದನ್ನು ಒರೆಸಿ, ಆಮೇಲೆ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಪೂರ್ತಿ ಒಣಗಲು ಬಿಡಿ. ಪ್ರೋಬ್‌ಗೆ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್ ಎರಡೂ ಬೇಕು. ಅವಸರದಲ್ಲಿ ಇದೆಲ್ಲ ಆಗದೆ ಹಾಕಿದ ಲೈನ್ ಆದರೆ ಚಾರ್ಟ್‌ನಲ್ಲಿ ಬರೆದುಬಿಡಿ, 48 ಗಂಟೆಯೊಳಗೆ ಬದಲಾಯಿಸಬೇಕು. ಬರೆಯದಿದ್ದರೆ ಮುಂದಿನ ಶಿಫ್ಟ್‌ನವರಿಗೆ ಗೊತ್ತಾಗುವುದೇ ಇಲ್ಲ.

ನೈಟ್‌ಡ್ಯೂಟಿ ಪಿಜಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋಳಿ ಎದೆ ಮಾಂಸದೊಳಗೆ ನೀರು ತುಂಬಿದ ರಬ್ಬರ್ ಟ್ಯೂಬ್ ತೂರಿಸಿಕೊಂಡು ಇವತ್ತು ಒಂದು ಗಂಟೆ ಕೂತೆ. ಮೊದಲ ನಾಲ್ಕೈದು ಸಲ ಟ್ಯೂಬಿನ ಹಿಂಗೋಡೆ ತೂತಾಯಿತು. ಆಮೇಲೆ ಚುಕ್ಕೆ ಮಾಯವಾಗುವುದು, ಮತ್ತೆ ಮೂಡುವುದು ಎರಡೂ ಕಾಣತೊಡಗಿತು. ನಾಳೆ ರಾತ್ರಿ ಮತ್ತೆ ಡ್ಯೂಟಿ ಇದೆ, ಸೀನಿಯರ್ ಪಕ್ಕದಲ್ಲಿ ನಿಲ್ಲುತ್ತೇನೆ ಅಂದಿದ್ದಾರೆ.