ಪದಚರ್ಚೆ: ನಾಣ್ಯದ ‘ರೋಲ್’ಗೆ ನಿಮ್ಮ ಕಡೆ ಏನಂತಾರೆ? ಜೊತೆಗೆ ಕಮ್ಮಟ, ಸವಕಲು, ಚಿಲ್ಲರೆ

ಎಲ್ಲರಿಗೂ ನಮಸ್ಕಾರ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮಗಳಿಗೆ ಹತ್ತು ವರ್ಷ. ಭಾನುವಾರದ ಕನ್ನಡ ತರಗತಿಯಲ್ಲಿ ಅವಳು ತನ್ನ ಹವ್ಯಾಸದ ಬಗ್ಗೆ ಐದು ನಿಮಿಷ ಮಾತಾಡಬೇಕು. ಅವಳ ಹವ್ಯಾಸ ನಿಕಲ್ ಕೂಡಿಸುವುದು. ನಿಕಲ್ ಅಂದರೆ ಇಲ್ಲಿನ ಐದು ಸೆಂಟಿನ ನಾಣ್ಯ. 1938ರಿಂದ ಅದರ ಮೇಲೆ ಇಲ್ಲಿನ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮುಖ ಇದೆ. ಹಿಂದುಗಡೆ ಅವರ ಮನೆ ಮಾಂಟಿಚೆಲ್ಲೊ. ನಡುವೆ 2004 ಮತ್ತು 2005ರಲ್ಲಿ ಮಾತ್ರ ಹಿಂಬದಿಗೆ ಬೇರೆ ಚಿತ್ರ ಹಾಕಿದ್ದರು. ವರ್ಷಕ್ಕೊಂದು, ಅಚ್ಚಾದ ಊರಿಗೊಂದು ಅಂತ ಸೇರಿಸುತ್ತಾ ಹೋಗಬೇಕು. ದುಡ್ಡು ಕೊಟ್ಟು ಕೊಳ್ಳಬಾರದು ಅನ್ನುವುದು ಅವಳೇ ಹಾಕಿಕೊಂಡ ನಿಯಮ. ಅಂಗಡಿಯಲ್ಲಿ ವಾಪಸ್ ಕೊಟ್ಟ ಚಿಲ್ಲರೆಯಲ್ಲಿ ಸಿಗಬೇಕು, ಇಲ್ಲವೇ ಬ್ಯಾಂಕಿನಿಂದ ತಂದ ರೋಲ್‌ನಲ್ಲಿ.

ಭಾಷಣ ಬರೆಯಲು ಕೂತವರು ಮೂರನೇ ಸಾಲಿಗೇ ನಿಂತೆವು. ‘ರೋಲ್’ಗೆ ಏನು ಬರೆಯೋಣ?

ನೋಡದವರಿಗೆ ಹೇಳುತ್ತೇನೆ. ನಲವತ್ತು ನಿಕಲ್‌ಗಳನ್ನು ಒಂದರ ಮೇಲೊಂದು ಪೇರಿಸಿ, ನೀಲಿ ಗುರುತಿನ ಕಾಗದವನ್ನು ಬಿಗಿಯಾಗಿ ಸುತ್ತಿ, ಎರಡೂ ತುದಿ ಒಳಕ್ಕೆ ಮಡಿಸಿರುತ್ತಾರೆ. ಬೆಲೆ ಎರಡು ಡಾಲರ್. ನಿಕಲ್ ಒಂದಕ್ಕೆ ಐದು ಗ್ರಾಂ, ಹಾಗಾಗಿ ಒಂದು ರೋಲ್ ಇನ್ನೂರು ಗ್ರಾಂ ತೂಗುತ್ತದೆ. ಇಂಥ ಐವತ್ತು ಸೇರಿದರೆ ಒಂದು ಡಬ್ಬ, ಎರಡು ಸಾವಿರ ನಾಣ್ಯ, ನೂರು ಡಾಲರ್. ಹತ್ತು ಕೆಜಿ ಅಕ್ಕಿ ಮೂಟೆ ಹೊತ್ತ ಹಾಗೆ ಹೊತ್ತು ತರುತ್ತೇವೆ.

ನಾನು ಮೊದಲು ಬರೆದದ್ದು ‘ಸುರುಳಿ’. ಓದಿಕೊಂಡಾಗ ಸರಿ ಅನಿಸಲಿಲ್ಲ. ಚಾಪೆ ಸುರುಳಿ ಸುತ್ತುತ್ತೇವೆ. ಹೊಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಯಾವುದು ತಾನೇ ಸುತ್ತಿಕೊಂಡಿದೆಯೋ ಅದು ಸುರುಳಿ. ಇಲ್ಲಿ ಸುತ್ತಿಕೊಂಡಿರುವುದು ಕಾಗದ, ನಾಣ್ಯ ಅಲ್ಲ. ‘ಕಂತೆ’ ನೋಟಿಗೆ ಚೆನ್ನಾಗಿ ಹೊಂದುತ್ತದೆ, ಹುಲ್ಲಿಗೂ ಹೊಂದುತ್ತದೆ, ಆದರೆ ನಾಣ್ಯದ ಕಂತೆ ಅಂತ ಯಾರಾದರೂ ಅಂದದ್ದು ನನ್ನ ಕಿವಿಗೆ ಬಿದ್ದಿಲ್ಲ. ‘ಕಟ್ಟು’ ಅಂದರೆ ಸೌದೆ, ವೀಳ್ಯದೆಲೆ ಕಣ್ಣಿಗೆ ಬರುತ್ತವೆ. ನಮ್ಮಮ್ಮ ಈಗ ಇಲ್ಲೇ ಇದ್ದಾರೆ. ಅವರು ಒಂದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಇದು ಪೊಟ್ಟಣ ಕಣೋ" ಅಂದರು. ಕಾಗದದಲ್ಲಿ ಮಡಿಸಿ ಕೊಟ್ಟದ್ದೆಲ್ಲ ಅವರಿಗೆ ಪೊಟ್ಟಣ. ಪದ ನನಗೂ ಇಷ್ಟವಾಯಿತು. ಒಂದೇ ತೊಡಕು ಅಂದರೆ, ಪೊಟ್ಟಣದಲ್ಲಿ ಇಷ್ಟೇ ಇರಬೇಕು ಅನ್ನುವ ಲೆಕ್ಕ ಇಲ್ಲ. ರೋಲ್‌ನ ಜೀವ ಇರುವುದೇ ಆ ನಲವತ್ತರ ಲೆಕ್ಕದಲ್ಲಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಪೊಟ್ಟಣ ಬಿಚ್ಚಿದ ಮೇಲೆ ಮಾಡುವ ಕೆಲಸಕ್ಕಂತೂ ಪದ ತಾನಾಗಿ ಬಂತು. ಹೋದ ಶನಿವಾರ ಊಟದ ಮೇಜಿನ ಮೇಲೆ ಅಗಲವಾದ ತಟ್ಟೆ ಇಟ್ಟು ನಾಣ್ಯ ಸುರಿದೆವು. ಅಮ್ಮ ಕನ್ನಡಕ ಹಾಕಿಕೊಂಡು ಕೂತರು. ಬೆರಳ ತುದಿಯಿಂದ ಒಂದೊಂದನ್ನೇ ಮುಂದಕ್ಕೆ ಜಾರಿಸುತ್ತಾ, ಬೇಡದ್ದನ್ನು ಪಕ್ಕಕ್ಕೆ ತಳ್ಳುತ್ತಾ ಹೋದರು. ಅದು ಮೊರದಲ್ಲಿ ಅಕ್ಕಿ ಆರಿಸುವ ಬೆರಳೇ. "ಇದರಲ್ಲೊಂದು ಮಾಸಲು ಬಣ್ಣದ್ದಿದೆ ನೋಡೇ ಪುಟ್ಟಿ" ಅಂದರು. 1943ರದು. ಮಾಂಟಿಚೆಲ್ಲೊ ಗುಮ್ಮಟದ ಮೇಲೆ ದೊಡ್ಡದಾಗಿ ‘ಪಿ’ ಅಕ್ಷರ. ಯುದ್ಧಕ್ಕೆ ನಿಕಲ್ ಲೋಹ ಬೇಕಾಗಿದ್ದರಿಂದ 1942ರ ಕೊನೆಯಿಂದ 1945ರವರೆಗೆ ಈ ನಾಣ್ಯಕ್ಕೆ ಆ ಲೋಹ ಹಾಕುವುದನ್ನೇ ಬಿಟ್ಟಿದ್ದರು. ಬದಲಿಗೆ ನೂರಕ್ಕೆ 35 ಪಾಲು ಬೆಳ್ಳಿ, 56 ಪಾಲು ತಾಮ್ರ, ಉಳಿದದ್ದು ಮ್ಯಾಂಗನೀಸ್. ಮುಂದೆ ಇವನ್ನು ಸುಲಭವಾಗಿ ಬೇರ್ಪಡಿಸಲಿ ಅಂತ ಆ ದೊಡ್ಡ ಅಕ್ಷರ. ಮಗಳು ಕುಣಿದಳು. ಭಾಷಣದಲ್ಲಿ ‘ಆರಿಸಿದೆವು’ ಅಂತಲೇ ಬರೆದಿದ್ದಾಳೆ. ಮಲೆನಾಡಿನ ಗೆಳೆಯರೊಬ್ಬರು ‘ಹೆಕ್ಕಿದೆವು’ ಚೆಂದ ಅಂದರು. ಚೆಂದವೇ. ಆದರೆ ಹೆಕ್ಕುವುದು ನೆಲಕ್ಕೆ ಬಿದ್ದದ್ದನ್ನು ಅಂತ ನನ್ನ ಮನಸ್ಸು ಹೇಳುತ್ತದೆ. ಅಡಿಕೆ ಹೆಕ್ಕುತ್ತೇವೆ ಅಲ್ವಾ? ನಿಮ್ಮ ಕಡೆ ಈ ವ್ಯತ್ಯಾಸ ಇದೆಯೇ, ತಿಳಿಸಿ.

ಆ ‘ಪಿ’ ಅಂದರೆ ಫಿಲಡೆಲ್ಫಿಯಾ, ‘ಡಿ’ ಡೆನ್ವರ್, ‘ಎಸ್’ ಸ್ಯಾನ್ ಫ್ರಾನ್ಸಿಸ್ಕೊ. ಯುದ್ಧದ ವರ್ಷಗಳನ್ನು ಬಿಟ್ಟರೆ 1980ರವರೆಗೆ ಫಿಲಡೆಲ್ಫಿಯಾದ ನಿಕಲ್‌ಗೆ ಅಕ್ಷರವೇ ಇರಲಿಲ್ಲ. ನಮ್ಮಲ್ಲೂ ಹಾಗೇ. ಮುಂಬೈಗೆ ವಜ್ರದ ಆಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ, ಕೋಲ್ಕತ್ತಕ್ಕೆ ಏನೂ ಇಲ್ಲ. ಈ ಗುರುತಿಗೆ ‘ಟಂಕಸಾಲೆ ಗುರುತು’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ನನ್ನ ಮನಸ್ಸು ‘ಕಮ್ಮಟ’ದ ಮೇಲಿದೆ. ನಾಣ್ಯ ಅಚ್ಚು ಹಾಕುವ ಜಾಗಕ್ಕೆ ನಮ್ಮ ಹಳೆಯ ಪದ ಅದು. ತಮಿಳು, ಮಲಯಾಳದಲ್ಲೂ ಅದರ ನಂಟಿನ ಪದಗಳಿವೆ. ಈಗ ಕಮ್ಮಟ ಅಂದರೆ ಕಾವ್ಯ ಕಮ್ಮಟ, ಕಥಾ ಕಮ್ಮಟ. ಎಳೆಯ ಬರಹಗಾರರನ್ನು ತಿದ್ದುವ ಜಾಗಕ್ಕೆ ನಾಣ್ಯ ಹೊಡೆಯುವ ಜಾಗದ ಹೆಸರಿಟ್ಟವರು ಯಾರೋ, ಬಹಳ ಒಳ್ಳೆಯ ಕಿವಿಯವರು. ಆದರೆ ಮಗಳು ತರಗತಿಯಲ್ಲಿ ‘ಡೆನ್ವರ್ ಕಮ್ಮಟದ ಗುರುತು’ ಅಂದರೆ, ಕೇಳಿದವರಿಗೆ ಡೆನ್ವರ್‌ನಲ್ಲಿ ಸಾಹಿತ್ಯ ಶಿಬಿರ ನಡೆದಂತೆ ಕೇಳಿಸುತ್ತದೆಯೇ? ಹಳೆಯ ಅರ್ಥದಲ್ಲಿ ಈ ಪದವನ್ನು ಇಂದಿಗೂ ಬಳಸುವವರಿದ್ದರೆ ದಯವಿಟ್ಟು ಬರೆಯಿರಿ.

ಇಂಥದ್ದೇ ಇನ್ನೊಂದು ‘ಸವಕಲು’. ಸವಕಲು ನಾಣ್ಯ ಅಂದರೆ ಈಗ ಎಲ್ಲರೂ ಬಳಸಿ ಬಳಸಿ ಸತ್ವ ಹೋದ ಮಾತು. ನಮಗೆ ಬೇಕಿರುವುದು ನೇರ ಅರ್ಥ. ಚಿಲ್ಲರೆಯಲ್ಲಿ ಸಿಗುವ 1940ರ ನಿಕಲ್ ನೋಡಿ. ಜೆಫರ್ಸನ್ ಕೂದಲ ಗೆರೆಗಳು ಹೋಗಿ ತಲೆ ನುಣ್ಣಗಾಗಿರುತ್ತದೆ. ಮಾಂಟಿಚೆಲ್ಲೊ ಮೆಟ್ಟಿಲುಗಳು ಒಂದಕ್ಕೊಂದು ಬೆರೆತು ಒಂದೇ ಪಟ್ಟಿ ಆಗಿರುತ್ತವೆ. ಹೆಬ್ಬೆರಳಿನಲ್ಲಿ ಸವರಿದರೆ ಸೋಪಿನ ಚೂರಿನ ಹಾಗೆ ಜಾರುತ್ತದೆ. ಎಂಬತ್ತಕ್ಕೂ ಹೆಚ್ಚು ವರ್ಷ ಜನರ ಕೈಯಲ್ಲಿ ಓಡಾಡಿದ್ದಕ್ಕೆ ಅದು ಗುರುತು. ಮಗಳಿಗೆ ಅಂಥವೇ ಜಾಸ್ತಿ ಇಷ್ಟ. ಅವಳ ಬಾಯಲ್ಲಿ ‘ಸವಕಲು’ ಬೈಗುಳದ ಹಾಗೆ ಕೇಳಿಸಬಾರದು. ‘ಸವೆದ ನಾಣ್ಯ’ ಅಂದರೆ ಆ ದೋಷ ಹೋಗುತ್ತದೆಯೇ, ಅಥವಾ ಎರಡೂ ಒಂದೇ ಅನಿಸುತ್ತದೆಯೇ?

‘ಚಿಲ್ಲರೆ’ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ಪದ. ಚಿಲ್ಲರೆ ಅಂಗಡಿ, ಚಿಲ್ಲರೆ ಬುದ್ಧಿ, ಎಂಟುನೂರು ಚಿಲ್ಲರೆ. ಜೇಬಿನ ಬಿಡಿ ನಾಣ್ಯಕ್ಕೆ ಅದೇ ಸರಿ. ‘ಬಿಡಿಗಾಸು’ ಬರೆಯೋಣ ಅಂದುಕೊಂಡೆ, ಆದರೆ ಅದು ಹೆಚ್ಚಾಗಿ ‘ಇಲ್ಲ’ದ ಜೊತೆಗೇ ಬರುತ್ತದೆ: ಕೈಯಲ್ಲಿ ಬಿಡಿಗಾಸಿಲ್ಲ, ಬಿಡಿಗಾಸೂ ಕೊಡಲಿಲ್ಲ. ‘ಬಿಡಿಗಾಸು ಇದೆ’ ಅಂತ ನೀವು ಕೇಳಿದ್ದೀರಾ?

ಇನ್ನು ‘ನಿಕಲ್’ ಹೆಸರೇ. ತರಗತಿಯ ಒಬ್ಬರು, ಲೋಹದ ಹೆಸರನ್ನೇ ನಾಣ್ಯಕ್ಕೆ ಇಡುವುದು ಕನ್ನಡದ ರೀತಿ ಅಲ್ಲ, ‘ಐದು ಸೆಂಟಿನ ನಾಣ್ಯ’ ಅಂತಲೇ ಹೇಳಿಸಿ ಅಂದರು. ನಾನು ಒಪ್ಪಲಾರೆ. ‘ಹೊನ್ನು’ ಚಿನ್ನವೂ ಹೌದು, ನಾಣ್ಯವೂ ಹೌದು. ಮೇಲಿನ ಚಿತ್ರದಿಂದ ಹೆಸರು ಬಂದ ‘ವರಹ’ವೂ ನಮ್ಮಲ್ಲಿದೆ, ಇಲ್ಲಿ 1913ರಿಂದ 1938ರವರೆಗಿನ ನಿಕಲ್ಲನ್ನು ಬಫಲೋ ನಿಕಲ್ ಅಂದ ಹಾಗೆ. ‘ಹಣ’ವೂ ಮೊದಲು ಒಂದು ಸಣ್ಣ ಚಿನ್ನದ ನಾಣ್ಯದ ಹೆಸರೇ. ಕಂಠೀರಾಯ ಹಣ ನೋಡಿದವರಿಗೆ ಅದು ಎಷ್ಟು ಪುಟ್ಟದು ಅಂತ ಗೊತ್ತು. ‘ದುಡ್ಡು’, ‘ಕಾಸು’ ಕೂಡ ಹಾಗೇ. ಹಾಗಾಗಿ ನಿಕಲ್ ನಿಕಲ್ಲಾಗಿಯೇ ಇರಲಿ, ನಿಕಲ್ಲು, ನಿಕಲ್ಲಿನ, ನಿಕಲ್ಲಿಗೆ. ಅಂದಹಾಗೆ, ಅದರಲ್ಲಿ ಮುಕ್ಕಾಲು ಪಾಲು ತಾಮ್ರ. ನಿಕಲ್ ಲೋಹದ ಹೆಸರೂ ಜರ್ಮನ್ ಗಣಿ ಕೆಲಸಗಾರರ ‘ಕುಪ್ಫರ್‌ನಿಕೆಲ್’ನಿಂದ ಬಂದದ್ದು. ತಾಮ್ರದಂತೆ ಕಂಡರೂ ತಾಮ್ರ ಕೊಡದ ಅದಿರಿಗೆ ಅವರು ಇಟ್ಟ ಹೆಸರು ಅದು, ತಾಮ್ರದ ಭೂತ ಅಂತ ಅರ್ಥ.

ನಾಣ್ಯ ಕೂಡಿಸಲು ನೀಲಿ ರಟ್ಟಿನ ಮಡಿಕೆ ಹಾಳೆ ಸಿಗುತ್ತದೆ. ಪ್ರತಿ ವರ್ಷಕ್ಕೂ, ಅಕ್ಷರಕ್ಕೂ ಒಂದೊಂದು ದುಂಡನೆಯ ತೂತು. ಅದಕ್ಕೆ ಮಗಳೇ ಹೆಸರಿಟ್ಟಿದ್ದಾಳೆ. ಅಜ್ಜಿ ಜೊತೆ ಚೌಕಾಬಾರ ಆಡಿ ಕಲಿತದ್ದು: ‘ಮನೆ’. "ಅಪ್ಪಾ, 1939ರ ಡಿ ಮನೆ ಖಾಲಿ, 1950ರ ಡಿ ಮನೆ ಖಾಲಿ." ಇದನ್ನು ಮಾತ್ರ ನಾನು ಯಾರಿಗೂ ಕೇಳುವುದಿಲ್ಲ, ಬದಲಾಯಿಸುವುದೂ ಇಲ್ಲ. 1938ರಿಂದ 1961ರವರೆಗಿನ ಹಾಳೆಯಲ್ಲಿ ಅವೆರಡೇ ಬಾಕಿ. 1950ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದದ್ದು ಬರೀ 26 ಲಕ್ಷ ಚಿಲ್ಲರೆ. ಅದನ್ನೂ ಜನ ಆಗಲೇ ಎತ್ತಿಟ್ಟುಕೊಂಡರು.

ನನ್ನ ಮುಖ್ಯ ಪ್ರಶ್ನೆ ರೋಲ್‌ದೇ. ಬ್ಯಾಂಕಿನಲ್ಲಿ ನಗದು ಕೌಂಟರ್‌ನಲ್ಲಿ ಇದ್ದವರು, ಬಸ್ ಡಿಪೋದಲ್ಲಿ ಕಂಡಕ್ಟರ್‌ಗಳಿಂದ ಚಿಲ್ಲರೆ ಎಣಿಸಿಕೊಂಡವರು, ದೇವಸ್ಥಾನದ ಹುಂಡಿ ಎಣಿಕೆಗೆ ಕೂತವರು ಈ ಬಳಗದಲ್ಲಿ ಇದ್ದೇ ಇರುತ್ತೀರಿ. ಎಣಿಸಿದ ನಾಣ್ಯವನ್ನು ಇಷ್ಟಿಷ್ಟು ಅಂತ ಪೇರಿಸಿ ಕಾಗದದಲ್ಲಿ ಸುತ್ತಿಟ್ಟರೆ ಅದಕ್ಕೆ ಏನು ಅನ್ನುತ್ತಿದ್ದಿರಿ? ಊರಿನ ಹೆಸರನ್ನೂ ಬರೆಯಿರಿ. ಭಾಷಣ ಮುಂದಿನ ತಿಂಗಳ ಎರಡನೇ ಭಾನುವಾರ. ಅಲ್ಲಿಯವರೆಗೆ ಆ ಸಾಲಿನಲ್ಲಿ ಸೀಸದಕಡ್ಡಿಯಲ್ಲಿ ‘ಪೊಟ್ಟಣ’ ಅಂತ ಬರೆದಿಟ್ಟಿದ್ದೇವೆ.