ಒಂದು ಕಲ್ಲನ್ನೂ ಮುಟ್ಟದ ಊರು: ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಿಂದ

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): "ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಕಡಲತೀರದ ಪಟ್ಟಣದಲ್ಲಿ 1318ರಲ್ಲಿ ಪ್ರತಿಷ್ಠಾಪನೆಯಾದ ಕೆಥೆಡ್ರಲ್‌ನ ಒಂದು ಕಲ್ಲನ್ನೂ ಜನರು ಇಂದಿನವರೆಗೆ ಮುಟ್ಟಿಲ್ಲ. ಅಲ್ಲಿನ ಗಾಲ್ಫ್ ಮೈದಾನಕ್ಕೆ ಸಾಮಾನ್ಯರು ಕಾಲಿಡುವಂತಿಲ್ಲ. ಶಿಸ್ತು ಎಂದರೆ ಇದು! ಹತ್ತು ಜನರಿಗೆ ಕಳುಹಿಸಿ."

ದೊಡ್ಡಪ್ಪ: ಮಕ್ಕಳೇ, ಎಲ್ಲರೂ ಓದಿರಿ. ಹಿರಿಯರು ಬಿಟ್ಟುಹೋದದ್ದನ್ನು ಕಾಪಾಡಿಕೊಳ್ಳುವುದನ್ನು ಪರದೇಶದವರಿಂದ ಕಲಿಯಬೇಕಾಗಿ ಬಂದಿರುವುದು ನಮ್ಮ ದೌರ್ಭಾಗ್ಯ.

ಭಾವ: ನೂರಕ್ಕೆ ನೂರು ಸತ್ಯ, ದೊಡ್ಡಪ್ಪ.

ಅಕ್ಕ: ಭಾವನವರು ಪೂರ್ತಿ ಓದದೆಯೇ ಒಪ್ಪಿಬಿಟ್ಟಿದ್ದಾರೆ. ದೊಡ್ಡಪ್ಪ, ಈ ಮಾಹಿತಿಯ ಮೂಲ ಯಾವುದು? ಸಂದೇಶದ ಜೊತೆಗಿರುವ ಚಿತ್ರದಲ್ಲಿಯೇ ಕಟ್ಟಡಕ್ಕೆ ಚಾವಣಿಯಿಲ್ಲ. ಪೂರ್ವದ ಗೋಡೆ ಒಂದು ತುದಿಯಲ್ಲಿ, ಪಶ್ಚಿಮದ ಗೋಡೆಯ ಚೂರು ಇನ್ನೊಂದು ತುದಿಯಲ್ಲಿ ನಿಂತಿದ್ದು, ನಡುವೆ ಬರೀ ಹುಲ್ಲು ಮತ್ತು ಸಮಾಧಿಗಳಿವೆ. ಯಾರೂ ಮುಟ್ಟಿಲ್ಲವೆಂದರೆ ಉಳಿದ ಕಲ್ಲುಗಳೆಲ್ಲ ಎಲ್ಲಿ ಹೋದವು?

ದೊಡ್ಡಪ್ಪ: ಮೂಲ ಕೇಳುವುದು ನಿನಗೆ ಹುಟ್ಟುಗುಣ. ಗೃಹಪ್ರವೇಶಕ್ಕೆ ನಾನು ಮುಹೂರ್ತ ಇಟ್ಟುಕೊಟ್ಟಾಗಲೂ ಯಾವ ಪಂಚಾಂಗವೆಂದು ನಾಲ್ಕು ಜನರ ಮುಂದೆ ಕೇಳಿದವಳು ನೀನೇ.

ನಾನು: ಮುಹೂರ್ತದ ವಿಷಯ ಪಕ್ಕಕ್ಕಿರಲಿ, ದೊಡ್ಡಪ್ಪ, ಅಕ್ಕನ ಪ್ರಶ್ನೆಗೆ ಉತ್ತರವಿದೆ. ರಾಜ ರಾಬರ್ಟ್ ಬ್ರೂಸ್‌ನ ಸಮ್ಮುಖದಲ್ಲಿ ಪ್ರತಿಷ್ಠಾಪನೆಯಾದ ಆ ಕೆಥೆಡ್ರಲ್‌ಗಿಂತ ದೊಡ್ಡ ಚರ್ಚು ಮಧ್ಯಯುಗದ ಸ್ಕಾಟ್ಲೆಂಡಿನಲ್ಲಿ ಇರಲಿಲ್ಲ. ಆದರೆ 1559ರಲ್ಲಿ ಪ್ರಾಟೆಸ್ಟಂಟ್ ಧರ್ಮಸುಧಾರಕ ಜಾನ್ ನಾಕ್ಸ್‌ನ ಪ್ರವಚನದಿಂದ ಕೆರಳಿದ ಜನರು ಒಳಗಿನ ವಿಗ್ರಹಗಳನ್ನೂ ಅಲಂಕಾರಗಳನ್ನೂ ಹಾಳುಗೆಡವಿದರು, ಆಮೇಲೆ ಪಾಳುಬಿದ್ದ ಕಟ್ಟಡದ ಕಲ್ಲುಗಳನ್ನು ಊರಿನವರೇ ಹೊತ್ತುಕೊಂಡು ಹೋಗಿ ತಮ್ಮ ಕಟ್ಟಡಗಳಿಗೆ ಬಳಸಿಕೊಂಡರು. ಪೂರ್ತಿಯಾಗಿ ಉಳಿದಿರುವುದು ಪಕ್ಕದ ಸೇಂಟ್ ರೂಲ್ ಗೋಪುರ. ಅದು ಕೆಥೆಡ್ರಲ್‌ಗಿಂತಲೂ ಹಳೆಯದು, ಎತ್ತರ 33 ಮೀಟರ್.

ಚಿಕ್ಕಪ್ಪ: ಗಾಲ್ಫ್ ಮೈದಾನದ ಮಾತೂ ಸುಳ್ಳು. ಓಲ್ಡ್ ಕೋರ್ಸ್ ಇರುವುದು ಸಾರ್ವಜನಿಕ ಜಾಗದಲ್ಲಿ. ಅದನ್ನು ನೋಡಿಕೊಳ್ಳುವ ಟ್ರಸ್ಟ್ 1974ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಬಂದದ್ದು. ಯಾವ ಕ್ಲಬ್ಬಿನ ಸದಸ್ಯತ್ವವೂ ಇಲ್ಲದವರು ಲಾಟರಿಯಲ್ಲಿ ಹೆಸರು ಬಂದರೆ ಆಡಬಹುದು, ದೊಡ್ಡ ಪಂದ್ಯಗಳಿಲ್ಲದ ಭಾನುವಾರಗಳಲ್ಲಂತೂ ಆಟವನ್ನೇ ನಿಲ್ಲಿಸಿ ಊರಿನವರಿಗೆ ನಾಯಿ ಹಿಡಿದುಕೊಂಡು ಅಡ್ಡಾಡಲು ಬಿಡುತ್ತಾರೆ. ಅಲ್ಲಿನ ಸ್ವಿಲ್ಕನ್ ಸೇತುವೆಯ ಮೇಲೆ ನಾನೇ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ.

ಅತ್ತೆ: ಆ ಫೋಟೋದಲ್ಲಿ ನಾನು ಏಕಿಲ್ಲವೆಂಬುದನ್ನೂ ಹೇಳಿಬಿಡು, ತಮ್ಮ. ರೈಲು ನೇರವಾಗಿ ಊರೊಳಗೆ ಹೋಗುತ್ತದೆ ಎಂದು ನಂಬಿಸಿ ನನ್ನನ್ನು ಹೊರಡಿಸಿದವನು ನೀನು. ಆ ಊರಿನ ನಿಲ್ದಾಣ 1969ರಲ್ಲೇ ಮುಚ್ಚಿಹೋಗಿತ್ತು. ಲೂಕರ್ಸ್‌ನಲ್ಲಿ ಇಳಿದು, ಸೆರಗು ನಿಲ್ಲದಂಥ ಗಾಳಿಯಲ್ಲಿ ಬಸ್ಸಿಗೆ ಕಾದು ಊರು ಸೇರುವ ಹೊತ್ತಿಗೆ ಕೋಟೆಯ ಬಾಗಿಲು ಹಾಕಿದ್ದರು. ಮರುವರ್ಷ ನಿನ್ನ ಮಾವನ ಮನೆಯವರನ್ನು ಕಾರಿನಲ್ಲಿ ಕರೆದೊಯ್ದು ಕೋಟೆಯ ಸುರಂಗವನ್ನೂ ತೋರಿಸಿದೆ.

ಚಿಕ್ಕಪ್ಪ: ಅಕ್ಕಾ, ನಿನ್ನ ಮಂಡಿಯಲ್ಲಿ ಆ ಸುರಂಗಕ್ಕೆ ಇಳಿಯಲು ಸಾಧ್ಯವಿರಲಿಲ್ಲ. 1546ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಬೀಟನ್‌ನನ್ನು ಕೊಂದು ಕೋಟೆಯನ್ನು ಹಿಡಿದವರನ್ನು ಹೊರಗೆಳೆಯಲು ಮುತ್ತಿಗೆ ಹಾಕಿದವರು ಬಂಡೆಯಲ್ಲಿ ಒಂದು ಸುರಂಗ ಕೊರೆದರು. ಅದು ಆರಾಮವಾಗಿ ನಡೆಯುವಷ್ಟು ಅಗಲವಾಗಿದೆ. ಒಳಗಿದ್ದವರು ಗುದ್ದಲಿಯ ಸದ್ದು ಎಲ್ಲಿಂದ ಬರುತ್ತಿದೆಯೆಂದು ಊಹಿಸಿ ಎದುರಿನಿಂದ ಕೊರೆಯುತ್ತಾ ಬಂದರು, ಒಂದೆರಡು ಕಡೆ ದಿಕ್ಕು ತಪ್ಪಿ ಕೊನೆಗೆ ಶತ್ರುವಿನ ಸುರಂಗವನ್ನೇ ಭೇದಿಸಿದರು. ಪ್ರವಾಸಿಗಳು ಇಳಿಯಬೇಕಾದದ್ದು ಅವಸರದಲ್ಲಿ ತೋಡಿದ ಈ ಎರಡನೆಯದರ ಮೂಲಕ. ಅಲ್ಲಿ ನಡು ಬಗ್ಗಿಸಿ, ಒದ್ದೆ ಬಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು.

ಅತ್ತೆ: ನಿನ್ನ ಮಾವನವರಿಗೆ ಮಂಡಿಯೇ ಇಲ್ಲವೇನು?

ಭಾವ: ಜಗಳ ಬಿಡಿ. 1981ರ 'ಚಾರಿಯಟ್ಸ್ ಆಫ್ ಫೈರ್' ಚಿತ್ರದಲ್ಲಿ ಓಟಗಾರರು ಬರಿಗಾಲಲ್ಲಿ ಓಡುವ ಕಡಲತೀರ ಇದೇ ಊರಿನ ವೆಸ್ಟ್ ಸ್ಯಾಂಡ್ಸ್. ಹಾಸ್ಟೆಲಿನಲ್ಲಿ ಅದರ ವಿಡಿಯೋ ಕ್ಯಾಸೆಟ್ ನೋಡಿದ ಮರುದಿನ ನಾವೆಲ್ಲ ಆ ಸಂಗೀತವನ್ನು ಬಾಯಲ್ಲೇ ನುಡಿಸುತ್ತಾ ಮೈದಾನದಲ್ಲಿ ನಿಧಾನವಾಗಿ ಓಡಿದ್ದೆವು. ಎಂಥ ದಿನಗಳು!

ಅಕ್ಕ: ಚಿತ್ರದಲ್ಲಿ ಆ ತೀರವನ್ನು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ್ದೆಂದು ತೋರಿಸಿದ್ದಾರೆ. ಫಾರ್ವರ್ಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ದೊಡ್ಡಪ್ಪ: ಕಲ್ಲಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಆದರೂ ಅವರು ವಿದ್ಯಾವಂತರು, 1413ರಲ್ಲೇ ವಿಶ್ವವಿದ್ಯಾಲಯ ಕಟ್ಟಿದವರು; ನಮ್ಮ ಹಾಗೆ ಶಕುನ ನೋಡುತ್ತಾ ಕೂರುವವರಲ್ಲ.

ನಾನು: ಅಲ್ಲಿ 1528ರಲ್ಲಿ ಪ್ರಾಟೆಸ್ಟಂಟ್ ಮತವನ್ನು ಬೋಧಿಸಿದ್ದಕ್ಕೆ ಪ್ಯಾಟ್ರಿಕ್ ಹ್ಯಾಮಿಲ್ಟನ್‌ನನ್ನು ಸುಟ್ಟುಕೊಂದ ಜಾಗದಲ್ಲಿ ಅವನ ಹೆಸರಿನ ಮೊದಲಕ್ಷರಗಳನ್ನು ನೆಲಗಲ್ಲುಗಳಲ್ಲಿ ಜೋಡಿಸಿದ್ದಾರೆ. ಅದನ್ನು ತುಳಿದರೆ ಪರೀಕ್ಷೆಯಲ್ಲಿ ನಪಾಸಾಗುತ್ತೇವೆಂದು ವಿದ್ಯಾರ್ಥಿಗಳು ಸುತ್ತುಬಳಸಿ ನಡೆಯುತ್ತಾರೆ, ದೊಡ್ಡಪ್ಪ. ಅಪ್ಪಿತಪ್ಪಿ ತುಳಿದವರಿಗೆ ಪರಿಹಾರವೂ ಉಂಟು: ಮೇ 1ರ ಮುಂಜಾನೆ ಉತ್ತರ ಸಮುದ್ರದ ತಣ್ಣೀರಿನಲ್ಲಿ ಮುಳುಗೇಳಬೇಕು.

ದೊಡ್ಡಪ್ಪ: ಅದು ಸಂಪ್ರದಾಯ. ಶಕುನಕ್ಕೂ ಸಂಪ್ರದಾಯಕ್ಕೂ ವ್ಯತ್ಯಾಸ ತಿಳಿಯದವರೊಂದಿಗೆ ನಾನು ವಾದಿಸುವುದಿಲ್ಲ. ಸಂದೇಶವನ್ನು ಅಳಿಸುವುದೂ ಇಲ್ಲ. ಗೋಪುರ ಪೂರ್ತಿಯಾಗಿ ನಿಂತಿದೆಯೆಂದು ನೀನೇ ಬರೆದಿದ್ದೀಯೆ.

ಭಾವ: ಒಪ್ಪಿದೆ, ದೊಡ್ಡಪ್ಪ.

ಅತ್ತೆ: ಆ ಗೋಪುರದ ಮೆಟ್ಟಿಲನ್ನೂ ಮಾವನ ಮನೆಯವರೇ ಹತ್ತಿದರೋ, ತಮ್ಮ?